ಜಾಯಿನ್ ಅಲ್ಲ, ಜಾಯಿನಿಂಗ್

ಹೋದ ತಿಂಗಳು ಎರಡನೇ ಶನಿವಾರ ಊರಿಗೆ ಹೋಗಿದ್ದೆ. ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಗೆ ಸೇರಿದ್ದು. ಬೆಂಗಳೂರಿನಿಂದ ಹೈವೇಯಲ್ಲಿ ಚನ್ನರಾಯಪಟ್ಟಣ, ಅಲ್ಲಿಂದ ಇನ್ನೊಂದು ಬಸ್ಸು. ಚೀಲ ಇಳಿಸಿ ಮುಖ ತೊಳೆಯೋಷ್ಟರಲ್ಲಿ ಚಿಕ್ಕಪ್ಪನ ಮಗಳು ಫೋನ್ ಹಿಡಿದುಕೊಂಡು ಬಂದಳು.

“ಅಕ್ಕ, ಒಂದು ಮೇಲ್ ನೋಡ್ತೀಯಾ? ಇಂಗ್ಲಿಷ್ ಸರಿಯಿದೆಯಾ ಅಂತ ಅಷ್ಟೇ.”

ನೋಡಿದೆ. ಕಂಪನಿಯೊಂದರ ಎಚ್‌ಆರ್‌ಗೆ ಬರೆದ ಮೇಲ್. ಕೊನೆಯ ಸಾಲು ಹೀಗಿತ್ತು: “ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಜಾಯಿನ್ ಯುವರ್ ಎಸ್ಟೀಮ್ಡ್ ಆರ್ಗನೈಸೇಶನ್.”

ನನಗೆ ನಗು ಬರಲಿಲ್ಲ. ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಯಾಕೆಂದರೆ 2017ರಲ್ಲಿ ನನ್ನ ಮೊದಲ ಕೆಲಸದ ಆಫರ್ ಬಂದಾಗ ನಾನೂ ಇದೇ ವಾಕ್ಯ ಬರೆದಿದ್ದೆ. ಒಂದಕ್ಷರ ಆಚೀಚೆ ಇಲ್ಲ, ಆ ‘ಎಸ್ಟೀಮ್ಡ್’ ಸಮೇತ.

ಆ ವಾಕ್ಯಕ್ಕೆ ಆಮೇಲೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಟ್ರೈನಿಂಗ್‌ನ ಎರಡನೇ ವಾರ, ‘ಈಮೇಲ್ ಬರೆಯೋದು ಹೇಗೆ’ ಅನ್ನುವ ಕ್ಲಾಸು. ಪಾಠ ಮಾಡುತ್ತಿದ್ದವರು ‘ಫ್ರೆಶರ್‌ಗಳು ಮಾಡುವ ತಪ್ಪುಗಳು’ ಅಂತ ನಾಲ್ಕೈದು ಮೇಲ್‌ಗಳನ್ನು ಪರದೆ ಮೇಲೆ ಹಾಕಿದರು. ಹೆಸರು ಅಳಿಸಿದ್ದರು. ಆದರೆ ಬರೆದವಳಿಗೆ ತನ್ನ ವಾಕ್ಯ ಗೊತ್ತಾಗದೆ ಇರುತ್ತದೆಯೇ? ಮೂರನೆಯದು ನಂದು. ರೂಮೆಲ್ಲ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡೋದು. “ಜಾಯಿನ್ ಅಲ್ಲ, ಜಾಯಿನಿಂಗ್” ಅಂದರು ಅವರು. ಮುಂದಿನ ಸ್ಲೈಡಿಗೆ ಹೋದರು.

ಯಾಕೆ ಜಾಯಿನಿಂಗ್ ಅಂತ ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ. ನಾನು ಎಬಿಸಿಡಿ ಕಲಿತಿದ್ದು ಐದನೇ ಕ್ಲಾಸಲ್ಲಿ. ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಪಾಠ ಬಂದಿದ್ದು 2007-08ರಲ್ಲಿ, ಅಷ್ಟೊತ್ತಿಗೆ ನಾನು ಏಳನೇ ಕ್ಲಾಸು. ಹಾಗಾಗಿ ಎಂಜಿನಿಯರಿಂಗ್ ಮುಗಿಸಿದ ಮೇಲೂ ಇಂಗ್ಲಿಷ್ ಅಂದರೆ ಒಂದು ಥರ ಬಾಡಿಗೆ ಮನೆಯಲ್ಲಿ ಇದ್ದ ಹಾಗೆ. ಗೋಡೆಗೆ ಮೊಳೆ ಹೊಡೆಯೋಕೂ ಭಯ. ಆ ಕ್ಲಾಸಿನ ನಂತರ ಸುಮಾರು ಒಂದು ವರ್ಷ ಆ ಪದಗಳನ್ನೇ ಬಳಸಲಿಲ್ಲ. ಎಲ್ಲ ಮೇಲ್‌ಗೂ ‘ಥ್ಯಾಂಕ್ಸ್ ಅಂಡ್ ರಿಗಾರ್ಡ್ಸ್’ ಹಾಕಿ ಮುಗಿಸುತ್ತಿದ್ದೆ.

ತಪ್ಪು ಅಂತ ಮಾತ್ರ ಹೇಳಿ ಯಾಕೆ ಅಂತ ಹೇಳದಿದ್ದರೆ ಹೀಗೇ ಆಗೋದು. ಮನುಷ್ಯ ತಿದ್ದಿಕೊಳ್ಳೋದಿಲ್ಲ, ಆ ದಾರಿಯಲ್ಲಿ ಓಡಾಡೋದನ್ನೇ ಬಿಡುತ್ತಾನೆ.

ಅದಕ್ಕೇ ತಂಗಿಗೆ ಆ ತಪ್ಪು ಮಾಡಬಾರದು ಅಂತ ಜಗಲಿ ಮೇಲೆ ಕೂರಿಸಿಕೊಂಡೆ. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತಿದ್ದೇನೆ.

ಇಂಗ್ಲಿಷಿನ ‘ಟು’ ನೋಡೋಕೆ ಒಂದೇ, ಆದರೆ ಮಾಡೋ ಕೆಲಸ ಎರಡು. ಮೊದಲನೆಯದು ಕ್ರಿಯಾಪದದ ಮುಂದೆ ಬಂದು ಕೂರುವ ಟು. ‘ಐ ವಾಂಟ್ ಟು ಜಾಯಿನ್’, ನನಗೆ ಸೇರಬೇಕು. ಎರಡನೆಯದು ಹೆಸರುಪದದ ಮುಂದೆ ಬರುವ ಟು. ‘ಐ ಆಮ್ ಗೋಯಿಂಗ್ ಟು ಹಾಸನ್’, ಹಾಸನಕ್ಕೆ ಹೋಗುತ್ತಿದ್ದೇನೆ. ಇದು ನಮ್ಮ ‘ಕ್ಕೆ’ ಥರದ್ದು.

‘ಲುಕಿಂಗ್ ಫಾರ್ವರ್ಡ್ ಟು’ ಅನ್ನುವಲ್ಲಿರೋದು ಎರಡನೇ ಟು. ಅದರ ಮುಂದೆ ಹೆಸರುಪದವೇ ಬರಬೇಕು. ‘ಜಾಯಿನ್’ ಹೆಸರುಪದ ಅಲ್ಲ, ಕೆಲಸ ಹೇಳುವ ಪದ. ಅದನ್ನು ಹೆಸರುಪದ ಮಾಡೋಕೆ ‘ಇಂಗ್’ ಹಚ್ಚಬೇಕು. ಜಾಯಿನಿಂಗ್, ಅಂದರೆ ಸೇರುವುದು. ಇಷ್ಟೇ ವಿಷಯ. ಆ ರೂಮಿನಲ್ಲಿ ಇಷ್ಟನ್ನು ಹೇಳೋಕೆ ಅರ್ಧ ನಿಮಿಷ ಸಾಕಾಗಿತ್ತು.

“ಯಾವ ಟು ಅಂತ ಹೆಂಗೆ ಗೊತ್ತಾಗುತ್ತೆ ಅಕ್ಕ?” ಅಂದಳು ತಂಗಿ.

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ನನಗೆ ಹೇಳಿಕೊಟ್ಟಿದ್ದು ನಮ್ಮ ಟೀಮಿನ ಸೀನಿಯರ್ ಒಬ್ಬರು, ಕ್ಯಾಂಟೀನಿನಲ್ಲಿ ಲೋಟ ಕೈಯಲ್ಲಿ ಹಿಡಿದುಕೊಂಡೇ. ಟು ಆದ ಮೇಲೆ ‘ಕಾಫಿ’ ಅಂತ ಹಾಕಿ ನೋಡಿ. ವಾಕ್ಯ ನಿಂತರೆ ಅಲ್ಲಿ ‘ಇಂಗ್’ ಬೇಕು. ವಾಕ್ಯ ಬಿದ್ದರೆ ಬೇಡ.

‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಕಾಫಿ.’ ಸರಿಯಾಗಿದೆ, ಬೆಳಗ್ಗೆ ಹತ್ತೂವರೆಗೆ ಎಲ್ಲರ ಮನಸ್ಸಿನಲ್ಲೂ ಇರೋದು ಇದೇ. ಹಾಗಾದರೆ ‘ಲುಕಿಂಗ್ ಫಾರ್ವರ್ಡ್ ಟು ಜಾಯಿನಿಂಗ್’.

‘ಐ ವಾಂಟ್ ಟು ಕಾಫಿ.’ ಬಿತ್ತು. ಹಾಗಾದರೆ ‘ಐ ವಾಂಟ್ ಟು ಜಾಯಿನ್’.

‘ಐ ಆಮ್ ಎಕ್ಸೈಟೆಡ್ ಟು ಕಾಫಿ.’ ಇದೂ ಬಿತ್ತು. ಹಾಗಾದರೆ ‘ಎಕ್ಸೈಟೆಡ್ ಟು ಜಾಯಿನ್’. ‘ಈಗರ್ ಟು ಜಾಯಿನ್’, ‘ಹೋಪ್ ಟು ಜಾಯಿನ್’, ‘ಕಾಂಟ್ ವೇಟ್ ಟು ಜಾಯಿನ್’ ಎಲ್ಲ ಇದೇ ಗುಂಪು. ಇವುಗಳಿಗೆ ಇಂಗ್ ಹಚ್ಚಬೇಡಿ.

ನಮಗೆ ಗೊಂದಲ ಆಗೋದು ಇಲ್ಲೇ. ಒಂದೇ ಭಾವನೆ, ಕೆಲಸಕ್ಕೆ ಸೇರುವ ಖುಷಿ. ಒಂದು ಕಡೆ ಜಾಯಿನ್, ಇನ್ನೊಂದು ಕಡೆ ಜಾಯಿನಿಂಗ್. ಸಾಲದ್ದಕ್ಕೆ ‘ಐ ಆಮ್ ಲುಕಿಂಗ್ ಟು ಜಾಯಿನ್’ ಅನ್ನೋದೂ ಇದೆ, ಅದೂ ಸರಿ. ಸೇರುವ ಯೋಚನೆಯಲ್ಲಿದ್ದೇನೆ, ಅವಕಾಶ ಹುಡುಕುತ್ತಿದ್ದೇನೆ ಅಂತ ಅದರ ಅರ್ಥ. ನಡುವೆ ‘ಫಾರ್ವರ್ಡ್’ ಬಂದ ಕೂಡಲೇ ಟು ಬದಲಾಗುತ್ತದೆ, ಅರ್ಥವೂ ಬದಲಾಗುತ್ತದೆ.

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಬಾಯಿಪಾಠ ಮಾಡ್ಕೋಬೇಕು ಅಷ್ಟೇ” ಅಂದಳು.

ಬೇಕಾಗಿಲ್ಲ. ಈ ನಿಯಮ ಕನ್ನಡದಲ್ಲಿ ನಮಗೆ ಮೊದಲೇ ಗೊತ್ತಿದೆ. ‘ಲುಕಿಂಗ್ ಫಾರ್ವರ್ಡ್’ಗೆ ನಮ್ಮ ಹತ್ತಿರ ಇರುವ ಮಾತು ‘ಎದುರು ನೋಡು’. ಈಗ ಹೇಳಿ, ‘ಮಳೆ ಬರೋಕೆ ಎದುರು ನೋಡ್ತಿದ್ದೀವಿ’ ಅಂತ ಊರಲ್ಲಿ ಯಾರಾದರೂ ಅನ್ನುತ್ತಾರಾ? ಇಲ್ಲ. ‘ಮಳೆ ಬರೋದನ್ನೇ ಎದುರು ನೋಡ್ತಿದ್ದೀವಿ’ ಅನ್ನುತ್ತಾರೆ. ಬರುವುದನ್ನು, ಸೇರುವುದನ್ನು, ನೋಡುವುದನ್ನು. ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದ್ದರೆ, ‘ಸೇರುವುದು’ ಕೃದಂತ ಭಾವನಾಮ, ಅದಕ್ಕೆ ದ್ವಿತೀಯಾ ವಿಭಕ್ತಿಯ ‘ಅನ್ನು’. ‘ಸೇರಲು’, ‘ಸೇರಲಿಕ್ಕೆ’ ಕೃದಂತಾವ್ಯಯ, ಅದಕ್ಕೆ ವಿಭಕ್ತಿ ಹತ್ತೋದಿಲ್ಲ. ಇಂಗ್ಲಿಷಿನವರ ‘ಜಾಯಿನಿಂಗ್’ ನಮ್ಮ ‘ಸೇರುವುದು’. ಅವರ ‘ಟು ಜಾಯಿನ್’ ನಮ್ಮ ‘ಸೇರಲು’.

ಹಾಗಾದರೆ ನಾವು ಎಡವೋದು ಯಾಕೆ? ಮಾತಾಡುವಾಗ ನಾವು ಎಲ್ಲಕ್ಕೂ ‘ಸೇರೋಕೆ’ ಅಂತೀವಿ. ಸೇರೋಕೆ ಆಸೆ, ಸೇರೋಕೆ ಕಾಯ್ತಿದ್ದೀನಿ, ಸೇರೋಕೆ ರೆಡಿ. ತಲೆಯಲ್ಲಿ ‘ಸೇರೋಕೆ’ ಅಂದರೆ ‘ಟು ಜಾಯಿನ್’ ಅಂತ ಅಚ್ಚಾಗಿದೆ. ಫಾರ್ವರ್ಡ್ ಟು ಅಂತ ಟೈಪ್ ಮಾಡಿದ ಕೂಡಲೇ ಬೆರಳು ತಾನೇ ಜಾಯಿನ್ ಅಂತ ಹೊಡೆಯುತ್ತದೆ. ಮುಂದಿನ ಸಲ ಬೆರಳನ್ನು ಒಂದು ಕ್ಷಣ ನಿಲ್ಲಿಸಿ ಮನಸ್ಸಿನಲ್ಲಿ ‘ಎದುರು ನೋಡ್ತಿದ್ದೀನಿ’ ಅಂದುಕೊಳ್ಳಿ. ‘ಏನನ್ನ?’ ಅಂತ ಕೇಳಿಕೊಳ್ಳಿ. ‘ಸೇರೋದನ್ನ’ ಅಂತ ಉತ್ತರ ಬಂದರೆ ಇಂಗ್ ತಾನಾಗೇ ಬರುತ್ತದೆ.

ಇದೇ ಜಾಗದಲ್ಲಿ ಇನ್ನೂ ನಾಲ್ಕು ಸಣ್ಣ ಗುಂಡಿಗಳಿವೆ. ನಾನು ನಾಲ್ಕಕ್ಕೂ ಬಿದ್ದು ಎದ್ದವಳು.

ಒಂದು, ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’. ಇದು ‘ವೇಟಿಂಗ್ ಫಾರ್’ ಜೊತೆ ಬೆರೆತು ಹುಟ್ಟಿದ ತಪ್ಪು. ಕಾಯೋದಕ್ಕೆ ಫಾರ್, ಎದುರು ನೋಡೋದಕ್ಕೆ ಟು. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಅನ್ನಿ, ಇಲ್ಲವೇ ‘ಟು ಹಿಯರಿಂಗ್ ಫ್ರಮ್ ಯೂ’ ಅನ್ನಿ. ‘ಟು ಹಿಯರ್’ ಅಲ್ಲ.

ಎರಡು, ‘ಐ ಆಮ್ ಲುಕ್ ಫಾರ್ವರ್ಡ್’. ‘ಐ ಲುಕ್’ ಅನ್ನಿ, ಇಲ್ಲವೇ ‘ಐ ಆಮ್ ಲುಕಿಂಗ್’ ಅನ್ನಿ. ಎರಡೂ ಸರಿ, ದನಿ ಬೇರೆ. ‘ಐ ಲುಕ್ ಫಾರ್ವರ್ಡ್ ಟು’ ಇಸ್ತ್ರಿ ಮಾಡಿದ ಅಂಗಿ. ಎಚ್‌ಆರ್‌ಗೆ, ಗೊತ್ತಿಲ್ಲದ ದೊಡ್ಡವರಿಗೆ ಅದು ಚೆಂದ. ‘ಐ ಆಮ್ ಲುಕಿಂಗ್ ಫಾರ್ವರ್ಡ್ ಟು’ ಸ್ವಲ್ಪ ಬೆಚ್ಚಗಿದೆ. ಗುರುತಿರುವ ಮ್ಯಾನೇಜರಿಗೆ, ಹೊಸ ಟೀಮಿಗೆ ಅದು ಹೊಂದುತ್ತದೆ.

ಮೂರು, ಬೇರೆಯವರು ಬರೋದನ್ನು ನಾವು ಎದುರು ನೋಡುವಾಗ. ನಮ್ಮ ಟೀಮಿಗೆ ಹೊಸಬರು ಬರುತ್ತಿದ್ದಾರೆ, ಸ್ವಾಗತ ಹೇಳಬೇಕು. ‘ವಿ ಆರ್ ಲುಕಿಂಗ್ ಫಾರ್ವರ್ಡ್ ಟು ಯೂ ಜಾಯಿನಿಂಗ್ ಅಸ್.’ ಇನ್ನೂ ಮರ್ಯಾದೆಯಾಗಿ ಬೇಕಾದರೆ ‘ಟು ಯುವರ್ ಜಾಯಿನಿಂಗ್ ಅಸ್’. ಕನ್ನಡದಲ್ಲಿ ನೀವು ಸೇರುವುದನ್ನು, ನಿಮ್ಮ ಸೇರುವಿಕೆಯನ್ನು ಅಂದ ಹಾಗೆ.

ನಾಲ್ಕು, ಇದು ಸ್ವಲ್ಪ ನಾಜೂಕಿನದು. ಕನ್ನಡದಲ್ಲಿ ‘ಎದುರು ನೋಡು’ ಅನ್ನೋದಕ್ಕೆ ಖುಷಿ ಇರಲೇಬೇಕು ಅಂತಿಲ್ಲ. ರಿಸಲ್ಟ್ ಎದುರು ನೋಡ್ತಾ ಎದೆ ಡವಡವ ಅಂತಿತ್ತು ಅಂದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ಲುಕಿಂಗ್ ಫಾರ್ವರ್ಡ್’ ಅಂದರೆ ಸಂತೋಷದಿಂದ ಕಾಯೋದು ಅಂತಲೇ ಅರ್ಥ. ಒಮ್ಮೆ ರಜೆ ಕೇಳುವ ಮೇಲ್‌ನಲ್ಲಿ ‘ಸೋಮವಾರ ಅಜ್ಜಿಗೆ ಆಪರೇಶನ್ ಇದೆ’ ಅಂತ ಬರೆದು, ಅದನ್ನೇ ಲುಕಿಂಗ್ ಫಾರ್ವರ್ಡ್ ಮಾಡುತ್ತಿದ್ದೇನೆ ಅಂತ ಬರೆದಿದ್ದೆ. ಮ್ಯಾನೇಜರ್ ಏನೂ ಅನ್ನಲಿಲ್ಲ, ರಜೆ ಕೊಟ್ಟರು. ತಿಂಗಳ ನಂತರ ನಾನೇ ಓದಿಕೊಂಡು ತಲೆ ಚಚ್ಚಿಕೊಂಡೆ. ಅಂಥ ಕಡೆ ‘ಎಕ್ಸ್‌ಪೆಕ್ಟಿಂಗ್’, ‘ವೇಟಿಂಗ್ ಫಾರ್’ ಸಾಕು.

ಇದು ಒಮ್ಮೆ ಕೂತರೆ ಬೋನಸ್ ಕೂಡ ಇದೆ. ಕಾಫಿ ಪರೀಕ್ಷೆ ಬೇರೆ ಕಡೆಗೂ ಕೆಲಸ ಮಾಡುತ್ತದೆ. ‘ಐ ಆಮ್ ಯೂಸ್ಡ್ ಟು ಕಾಫಿ’ ನಿಲ್ಲುತ್ತದೆ, ಹಾಗಾಗಿ ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಲೇಟ್’, ರೂಢಿಯಾಗಿದೆ. ‘ಐ ಯೂಸ್ಡ್ ಟು ಕಾಫಿ’ ಬೀಳುತ್ತದೆ, ಹಾಗಾಗಿ ‘ಐ ಯೂಸ್ಡ್ ಟು ವರ್ಕ್ ಲೇಟ್’, ಮೊದಲು ಮಾಡುತ್ತಿದ್ದೆ, ಈಗಿಲ್ಲ. ‘ಕಮಿಟೆಡ್ ಟು ಡೆಲಿವರಿಂಗ್’, ‘ಆಬ್ಜೆಕ್ಟ್ ಟು ಪೇಯಿಂಗ್’, ‘ವೆನ್ ಇಟ್ ಕಮ್ಸ್ ಟು ಟೆಸ್ಟಿಂಗ್’ ಎಲ್ಲ ‘ಲುಕಿಂಗ್ ಫಾರ್ವರ್ಡ್’ನ ಅಣ್ಣತಮ್ಮಂದಿರು.

ಇದೆಲ್ಲ ಈಗ ಯಾಕೆ, ಫೋನೇ ತಿದ್ದುತ್ತಲ್ಲ ಅಂತ ನೀವು ಕೇಳಬಹುದು. ನಿಜ. ಜಿಮೇಲ್ 2018ರಿಂದ ಅರ್ಧ ವಾಕ್ಯಕ್ಕೇ ಉಳಿದರ್ಧ ಹೇಳಿಕೊಡುತ್ತಿದೆ. ಎಐಗೆ ಹೇಳಿದರೆ ಇಡೀ ಮೇಲ್ ಬರೆದುಕೊಡುತ್ತದೆ. ಆದರೆ ಇಂಟರ್‌ವ್ಯೂನಲ್ಲಿ, ಕಾಲ್‌ನಲ್ಲಿ ಬಾಯಿ ಬಿಡಬೇಕಾದವರು ನಾವೇ. ಮತ್ತೆ, ಬರೆದುಕೊಟ್ಟ ವಾಕ್ಯ ನಮ್ಮ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನೋಡಬೇಕಾದವರೂ ನಾವೇ. ತಂಗಿಯ ಇನ್‌ಬಾಕ್ಸ್ ನೋಡಿದಾಗ ನನಗೆ ಅರ್ಥವಾಗಿದ್ದು ಇದು.

“ಹಳೇ ಮೇಲ್ ತೋರಿಸು, ಅವುಗಳಲ್ಲೂ ಇದೇ ತಪ್ಪಿರುತ್ತೆ” ಅಂದಿದ್ದೆ. ಇತ್ತು. ಒಂದಲ್ಲ, ನಾಲ್ಕು ಮೇಲ್.

ಅವಳಿಗೆ ಕ್ಯಾಂಪಸ್‌ನಲ್ಲಿ ಆಫರ್ ಸಿಕ್ಕಿದ್ದು ಕೊನೇ ವರ್ಷದಲ್ಲಿ. ಪರೀಕ್ಷೆ ಮುಗಿದಿದ್ದು 2024ರಲ್ಲಿ. ಆಫರ್ ಲೆಟರ್‌ನಲ್ಲಿ ಸಂಬಳ ಇದೆ, ಷರತ್ತುಗಳಿವೆ, ಸೇರುವ ತಾರೀಕು ಮಾತ್ರ ‘ಆಮೇಲೆ ತಿಳಿಸುತ್ತೇವೆ’. ಅವಳೊಬ್ಬಳ ಕಥೆ ಅಲ್ಲ. 2022ರಿಂದ ಈಚೆಗೆ ಐಟಿಯಲ್ಲಿ ಆಫರ್ ಕೊಟ್ಟು ತಿಂಗಳುಗಟ್ಟಲೆ ಒಳಗೆ ಕರೆಯದ ಸುದ್ದಿ ಎಷ್ಟೋ ಸಲ ಪೇಪರಿನಲ್ಲಿ ಬಂದಿದೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬರಾದರೂ ಇರುತ್ತಾರೆ. ಇವಳದು ಕಾಲೇಜು ಮುಗಿದು ಒಂದು ವರ್ಷ ದಾಟಿತ್ತು. ಮನೆಯಲ್ಲಿ ಚಿಕ್ಕಮ್ಮ “ಜಾತಕ ಕೊಡೋಣವಾ” ಅನ್ನೋಕೆ ಶುರು ಮಾಡಿದ್ದರು.

ನಾಲ್ಕು ಮೇಲ್‌ಗೂ ಕಂಪನಿಯಿಂದ ಉತ್ತರ ಬಂದಿತ್ತು. ನಾಲ್ಕೂ ಹೆಚ್ಚುಕಮ್ಮಿ ಒಂದೇ. ‘ನಿಮ್ಮ ತಾಳ್ಮೆಗೆ ಧನ್ಯವಾದ’, ಆಮೇಲೆ ಕೊನೆಯ ಸಾಲು: “ವಿ ಲುಕ್ ಫಾರ್ವರ್ಡ್ ಟು ವೆಲ್ಕಮಿಂಗ್ ಯೂ.”

ವೆಲ್ಕಮ್ ಅಲ್ಲ, ವೆಲ್ಕಮಿಂಗ್. ವ್ಯಾಕರಣದಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ತಾರೀಕೂ ಇಲ್ಲ.

ಇವಳ ವಾಕ್ಯದಲ್ಲಿ ತಪ್ಪಿತ್ತು, ಆದರೆ ಅದರ ಹಿಂದೆ ಒಂದು ಹುಡುಗಿ ಕಾಯುತ್ತಾ ಕೂತಿದ್ದಳು. ಅವರ ವಾಕ್ಯ ಸರಿಯಿತ್ತು, ಅದರ ಹಿಂದೆ ಯಾರೂ ಇದ್ದ ಹಾಗೆ ಕಾಣಲಿಲ್ಲ. ಅಷ್ಟು ಹೊತ್ತು ಇಂಗ್ ಬಗ್ಗೆ ಪಾಠ ಮಾಡಿದ ನನಗೆ ಆಗ ಸ್ವಲ್ಪ ನಾಚಿಕೆಯಾಯಿತು.

ಇನ್ನೊಂದು ವಿಷಯ ಆಗ ಹೊರಗೆ ಬಂತು. ಮೈಸೂರಿನ ಸಣ್ಣ ಕಂಪನಿಯೊಂದು ಅವಳನ್ನು ಇಂಟರ್‌ವ್ಯೂ ಮಾಡಿ ಕೆಲಸ ಕೊಡ್ತೀವಿ ಅಂದಿದೆ. ಸಂಬಳ ಕಡಿಮೆ. ಆದರೆ ತಾರೀಕು ಇದೆ, ಮುಂದಿನ ತಿಂಗಳ 3. ಬರುವ ಶುಕ್ರವಾರದೊಳಗೆ ಹೇಳಬೇಕು. ಇವಳು ಯಾರಿಗೂ ಹೇಳಿಲ್ಲ. ದೊಡ್ಡ ಕಂಪನಿಯ ಆಫರ್ ಬಿಟ್ಟರೆ ಊರಲ್ಲಿ ಏನಂತಾರೋ ಅಂತ ಒಂದು, ತಾರೀಕು ಯಾವಾಗ ಅಂತ ನೇರ ಕೇಳಿದರೆ ಅವರು ಬೇಜಾರು ಮಾಡಿಕೊಂಡು ಆಫರೇ ರದ್ದು ಮಾಡಿದರೆ ಅಂತ ಇನ್ನೊಂದು. ಅದಕ್ಕೇ ನಾಲ್ಕು ಮೇಲ್‌ನಲ್ಲೂ ಕೇಳಬೇಕಾದ್ದನ್ನು ಕೇಳದೆ, ಖುಷಿಯಿಂದ ಎದುರು ನೋಡ್ತಿದ್ದೀನಿ ಅಂತ ಮಾತ್ರ ಬರೆದಿದ್ದಳು.

ಚಿಕ್ಕಪ್ಪ ಕೊಟ್ಟಿಗೆಯಿಂದ ಬಂದವರು ಜಗಲಿ ಅಂಚಿಗೆ ಕೂತು ಎಲ್ಲ ಕೇಳಿಸಿಕೊಂಡರು. ಇಂಗ್ಲಿಷ್ ಓದೋಕೆ ಬರೋದಿಲ್ಲ ಅವರಿಗೆ. “ಅದರಲ್ಲಿ ಏನಂತ ಬರ್ದಿದ್ದೀಯವ್ವ?” ಅಂದರು. ನಾನು ಕನ್ನಡದಲ್ಲಿ ಹೇಳಿದೆ.

“ಯಾವತ್ತು ಬರ್ಲಿ ಅಂತ ಕೇಳೇ ಇಲ್ವಲ್ಲ ಮತ್ತೆ?”

ತಂಗಿ ಮಾತಾಡಲಿಲ್ಲ. ನಮ್ಮ ಕಡೆ ಉಂಡೆ ಕೊಬ್ಬರಿ ಹೇಗೆ ಮಾಡ್ತಾರೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಡಬೇಕು. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆ. ಚಿಕ್ಕಪ್ಪನ ಜೀವನವೆಲ್ಲ ಈ ಕಾಯುವ ಕೆಲಸವೇ.

“ಅಟ್ಟದ ಕಾಯಿನೂ ಆಗಾಗ ಅಲ್ಲಾಡ್ಸಿ ನೋಡ್ತೀವಿ ಕಣವ್ವ. ಸುಮ್ನೆ ಕಾಯ್ತಾ ಕೂತ್ರೆ ಒಳಗೆ ಕೊಳ್ತಿದ್ರೂ ಗೊತ್ತಾಗಕಿಲ್ಲ. ಕೇಳ್ಬುಡು” ಅಂದು ಎದ್ದು ಹೋದರು.

ಅವತ್ತು ಸಂಜೆ ಐದನೇ ಮೇಲ್ ಬರೆದೆವು. ‘ಎಸ್ಟೀಮ್ಡ್’ ತೆಗೆದೆವು, ‘ವೆರಿ ಮಚ್’ ತೆಗೆದೆವು. ಐದೇ ವಾಕ್ಯ. ನಿಮ್ಮ ಆಫರ್ ನಾನು ಒಪ್ಪಿಕೊಂಡಿದ್ದೇನೆ. ಇದುವರೆಗೆ ಸೇರುವ ತಾರೀಕು ಬಂದಿಲ್ಲ. ಬೇರೆ ಕಡೆಯಿಂದ ಒಂದು ಅವಕಾಶ ಬಂದಿದ್ದು, ಶುಕ್ರವಾರದೊಳಗೆ ಉತ್ತರ ಕೊಡಬೇಕಿದೆ. ಮುಂದಿನ 2 ತಿಂಗಳೊಳಗೆ ನನ್ನನ್ನು ಕರೆಯುವಿರಾ ಅಂತ ದಯವಿಟ್ಟು ಗುರುವಾರದೊಳಗೆ ತಿಳಿಸಿ. ಕೊನೆಯದು: “ಐ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ಎ ಡೇಟ್.”

ಈ ಕೊನೆಯ ವಾಕ್ಯವನ್ನು ಅವಳೇ ಬರೆದಿದ್ದು. ಮೊದಲು ‘ಜಾಯಿನಿಂಗ್’ ಅಂತ ಹಾಕಿದಳು, ಅಳಿಸಿ ‘ರಿಸೀವಿಂಗ್ ಎ ಡೇಟ್’ ಮಾಡಿದಳು. “ಸದ್ಯಕ್ಕೆ ನಾನು ಎದುರು ನೋಡ್ತಿರೋದು ಅದನ್ನೇ ಅಲ್ವಾ ಅಕ್ಕ?” ಅಂದಳು.

ನಾನು ಹೇಳಬೇಕು ಅಂದುಕೊಂಡಿದ್ದನ್ನು ಅವಳೇ ಹೇಳಿದ್ದಳು. ‘ಟು’ ಆದ ಮೇಲೆ ಬರುವ ಪದದಲ್ಲಿ ಎರಡು ವಿಷಯ ಸರಿಯಿರಬೇಕು. ರೂಪ ಸರಿಯಿರಬೇಕು, ಅದು ಇಂಗ್. ವಿಷಯ ನಿಜವಾಗಿರಬೇಕು, ಅಂದರೆ ನಾವು ಏನನ್ನು ಎದುರು ನೋಡುತ್ತಿದ್ದೇವೋ ಅದೇ ಅಲ್ಲಿರಬೇಕು. ಉತ್ತರ ಬೇಕಾದರೆ ‘ಹಿಯರಿಂಗ್ ಫ್ರಮ್ ಯೂ ಬೈ ಥರ್ಸ್‌ಡೇ’. ಮೀಟಿಂಗ್ ಬೇಕಾದರೆ ‘ಮೀಟಿಂಗ್ ಯೂ ಆನ್ ಟ್ಯೂಸ್‌ಡೇ’. ಕೆಲಸ ಶುರುವಾಗಬೇಕಾದರೆ ‘ಸ್ಟಾರ್ಟಿಂಗ್ ಆನ್ ದ ಥರ್ಡ್’. ಒಂದು ವಾರವೋ ತಾರೀಕೋ ಜೊತೆಗಿದ್ದರೆ ಆ ವಾಕ್ಯ ಮರ್ಯಾದೆಯ ಮಾತಿನ ಜೊತೆ ಕೆಲಸವನ್ನೂ ಮಾಡುತ್ತದೆ. ಇಲ್ಲದಿದ್ದರೆ ಮೇಲ್‌ಗೆ ಹಾಕಿದ ರಂಗೋಲಿ ಅಷ್ಟೇ.

ಗುರುವಾರ ಸಂಜೆ ನಾನು ಬೆಂಗಳೂರಿನಲ್ಲಿದ್ದೆ. ತಂಗಿ ಸ್ಕ್ರೀನ್‌ಶಾಟ್ ಕಳಿಸಿದಳು. ಸದ್ಯಕ್ಕೆ ತಾರೀಕು ಖಚಿತವಾಗಿ ಹೇಳಲಾಗದು, ತಾಳ್ಮೆಗೆ ಧನ್ಯವಾದ, ವಿ ಲುಕ್ ಫಾರ್ವರ್ಡ್ ಟು ವೆಲ್ಕಮಿಂಗ್ ಯೂ. ಕೆಳಗೆ ಅವಳ ಒಂದು ಸಾಲು: “ಅಕ್ಕ, ಗಡಗಡ ಅನ್ನಲಿಲ್ಲ.”

ಅವತ್ತು ರಾತ್ರಿ ಮನೆಯವರೆಲ್ಲ ಕೂತು ಮಾತಾಡಿದರಂತೆ. ಚಿಕ್ಕಮ್ಮ ಅತ್ತರಂತೆ, ಮಗಳು ಮೈಸೂರಿಗೆ ಹೋಗ್ತಾಳೆ ಅಂತಲೋ ದೊಡ್ಡ ಕಂಪನಿ ಕೈತಪ್ಪಿತು ಅಂತಲೋ, ಅದು ಅವರಿಗೇ ಗೊತ್ತಿಲ್ಲ. ಶುಕ್ರವಾರ ಬೆಳಗ್ಗೆ ತಂಗಿ ಎರಡು ಮೇಲ್ ಕಳಿಸಿದಳು. ಎರಡನ್ನೂ ಕಳಿಸಿದ ಮೇಲೆಯೇ ನನಗೆ ತೋರಿಸಿದ್ದು.

ಮೊದಲನೆಯದು ಆಫರ್ ಬಿಡುತ್ತಿದ್ದೇನೆ ಅಂತ. ಅದರಲ್ಲಿ ಬರೆದಿದ್ದಳು: “ಐ ಹ್ಯಾಡ್ ಬೀನ್ ಲುಕಿಂಗ್ ಫಾರ್ವರ್ಡ್ ಟು ಜಾಯಿನಿಂಗ್ ಯೂ.” ಎದುರು ನೋಡುತ್ತಿದ್ದೆ. ಈ ಭೂತಕಾಲದ ರೂಪವನ್ನು ನಾನು ಹೇಳಿಕೊಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಹೀಗೆ ಅಂದರೆ ಸಾಮಾನ್ಯವಾಗಿ ಅದು ಆಗಲಿಲ್ಲ ಅಂತಲೇ ಅರ್ಥ. ‘ಆಗಲಿಲ್ಲ’ ಅಂತ ಬೇರೆ ಬರೆಯೋದು ಬೇಕಿಲ್ಲ, ಯಾರನ್ನೂ ದೂರೋದೂ ಬೇಕಿಲ್ಲ. ಒಂದು ವರ್ಷದ ಕಾಯುವಿಕೆ ಅಷ್ಟರಲ್ಲಿ ಬಂದುಬಿಡುತ್ತದೆ.

ಎರಡನೆಯದು ಮೈಸೂರಿಗೆ: “ಥ್ಯಾಂಕ್ ಯೂ. ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಸ್ಟಾರ್ಟಿಂಗ್ ಆನ್ ದ ಥರ್ಡ್.”

ನೀವೂ ಈಗ ಫೋನ್ ಕೈಯಲ್ಲೇ ಹಿಡಿದಿದ್ದೀರಿ. ಒಂದು ಸಲ ‘ಸೆಂಟ್’ ಫೋಲ್ಡರಿನಲ್ಲಿ ‘ಫಾರ್ವರ್ಡ್ ಟು’ ಅಂತ ಹುಡುಕಿ ನೋಡಿ. ಇಂಗ್ ಇಲ್ಲದ್ದು ನಾಲ್ಕು ಸಿಕ್ಕರೆ ನಾಚಿಕೊಳ್ಳಬೇಡಿ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಬರೆಯುತ್ತಿದ್ದಾಗ ಕನ್ನಡಿಗರೇ ಕನ್ನಡ ಪದಗಳ ಬಗ್ಗೆ ವರ್ಷಗಟ್ಟಲೆ ಪ್ರಶ್ನೆ ಕೇಳಿದ್ದಾರೆ. ನಮ್ಮ ಭಾಷೆಗೇ ಅಷ್ಟು ಅನುಮಾನ ಇರುವಾಗ ಬೇರೆಯವರ ಭಾಷೆಗೆ ಇದ್ದರೆ ಅದೇನು ಅಪರಾಧವಲ್ಲ. ನಿಮ್ಮ ಟೀಮಿಗೆ ಹೊಸದಾಗಿ ಬಂದವರ ಮೇಲ್‌ನಲ್ಲಿ ಅದೇ ತಪ್ಪು ಕಂಡರೆ ಪರದೆ ಮೇಲೆ ಹಾಕಬೇಡಿ. ಪಕ್ಕಕ್ಕೆ ಕರೆದು ಒಂದು ಕಾಫಿ ಕೊಡಿಸಿ. ಪರೀಕ್ಷೆಗೂ ಅದೇ ಬೇಕಲ್ಲ.

ತಂಗಿ 3ನೇ ತಾರೀಕು ಕೆಲಸಕ್ಕೆ ಸೇರಿದಳು. ಸಂಜೆ ಫೋನ್ ಮಾಡಿದ್ದಳು. ಲ್ಯಾಪ್‌ಟಾಪ್ ಇನ್ನೂ ಬಂದಿಲ್ಲವಂತೆ, ಎಚ್‌ಆರ್‌ಗೆ ಮೇಲ್ ಬರೆದಿದ್ದಾಳಂತೆ.

“ಏನಂತ ಬರೆದೆ?” ಅಂದೆ.

“ಯಾವತ್ತು ಕೊಡ್ತೀರಿ ಅಂತ ಕೇಳಿದೆ, ಅಷ್ಟೇ” ಅಂದಳು.